ಮುಳುಗುವವನ ಮುಖ

ಜಪಾನಿನ ಟೋಕಿಯೋ ಪೇಟೆಯಲ್ಲಿ ಗೆನ್ಸಾಯ್ ಎಂಬ ಗುರುವಿದ್ದ. ಕಲಾವಿದರು ಬರೆದ ಚಿತ್ರವನ್ನು ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಮಾಡುವುದು ಅವನ ಕಸುಬು. ಮರಳಿನಿಂದ ಎಣ್ಣೆ ತೆಗೆಯಬಹುದು, ಅವನ ಬಾಯಿಂದ ಮಾತು ತೆಗೆಯುವುದು ಕಷ್ಟ ಎನ್ನುತ್ತಿದ್ದರು ಶಿಷ್ಯರು.

ಶಿಷ್ಯ ತೊಕುಜಿ ಅವನ ಬಳಿ ಹನ್ನೊಂದು ವರ್ಷದಿಂದ ಅಲೆ, ಹೊಗೆ, ಬಟ್ಟೆಯ ಮಡಿಕೆ ಕೆತ್ತುತ್ತಿದ್ದ. ಮುಖ ಕೆತ್ತುವ ಹಕ್ಕು ಗುರುವಿಗೆ ಮಾತ್ರ.

ಆ ವರ್ಷ ಕಡಲಲ್ಲಿ ಯುದ್ಧವಾಯಿತು. ತೊಕುಜಿಯ ಅಣ್ಣ ಕಿಸಾಕು ಯುದ್ಧದ ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ತುಂಬುವವನು. ಗೆದ್ದ ಸುದ್ದಿ ಬಂತು, ಅಣ್ಣನ ಸುದ್ದಿ ಬರಲಿಲ್ಲ. ಊರೆಲ್ಲ ಕುಣಿಯುವಾಗ ತಾನು ನಗಬೇಕೋ ಅಳಬೇಕೋ ತೊಕುಜಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಚಿತ್ರ ಮಾರುವ ಅಂಗಡಿಯವನು ಅದೇ ಯುದ್ಧದ ಚಿತ್ರವನ್ನು ಕೆತ್ತಲು ತಂದುಕೊಟ್ಟ. ತೊಕುಜಿ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ತಮ್ಮ ನಾಡಿನ ಹಡಗಿಗೆ ಒಂದು ಗೀರೂ ಇರಲಿಲ್ಲ. ಮುಳುಗುತ್ತಿದ್ದವರೆಲ್ಲ ಶತ್ರುಗಳೇ.

"ಹಾಗಾದರೆ ಅಣ್ಣ ಬದುಕಿದ್ದಾನೆ, ಅಲ್ಲವೇ?"

"ಇದನ್ನು ಬರೆದವನು ಯುದ್ಧ ಕಂಡಿಲ್ಲ. ಪತ್ರಿಕೆ ಓದಿ, ಮಹಡಿಯ ಮೇಲೆ ಕೂತು ಬರೆದ," ಎಂದ ಗುರು.

ಸುಳ್ಳನ್ನು ಕೆತ್ತಬೇಕೇ ಎಂದು ತೊಕುಜಿ ಕೇಳಿದ. ಗುರು, ಹಿಂಬದಿಗೂ ಗೆರೆ ಕಾಣುವ ಆ ತೆಳು ಹಾಳೆಯನ್ನು ಹಲಗೆಗೆ ಬೋರಲಾಗಿ ಅಂಟಿಸಿ, ಅಲೆಗಳ ನಡುವೆ ಮುಳುಗುತ್ತಿದ್ದ ಒಬ್ಬನನ್ನು ತೋರಿಸಿದ. ಮುಖದ ಜಾಗದಲ್ಲಿ ಕಲಾವಿದ ಬರೀ ಒಂದು ಸುತ್ತು ಎಳೆದು ಬಿಟ್ಟಿದ್ದ.

"ಈ ಮುಖ ನೀನು ಕೆತ್ತು."

ಹನ್ನೊಂದು ವರ್ಷ ಕಾದ ಮಾತು. ಆದರೂ ಖುಷಿಯಾಗಲಿಲ್ಲ. ಎರಡು ದಿನ ಬಗ್ಗಿ ಕೂತು ಕೆತ್ತಿದ.

ಮೊದಲ ಪ್ರತಿ ತೆಗೆದು ನೋಡಿದರೆ, ಶತ್ರುವಿನ ಅಂಗಿ ತೊಟ್ಟು ಮುಳುಗುತ್ತಿದ್ದವನು ಕಿಸಾಕು. ಹುಬ್ಬಿನ ಮೇಲಿನ ಗಾಯದ ಗೆರೆಯೂ ಇತ್ತು. ಪಾಪ, ಆ ಕೈಗೆ ಗೊತ್ತಿದ್ದದ್ದು ಅದೊಂದೇ ಮುಖ.

ಅಂಗಡಿಯವನು ರೇಗಿದ. ನಮ್ಮವನ ಮುಖ ಹೊತ್ತ ಶತ್ರುವನ್ನು ಯಾರು ಕೊಳ್ಳುತ್ತಾರೆ, ಸಂಜೆಯೊಳಗೆ ತೆಗೆಯಿರಿ ಎಂದು ಹೇಳಿ ಹೋದ.

ಗುರು ಉಳಿ ಚಾಚಿದ. ತೊಕುಜಿಯ ಕೈ ಮುಂದೆ ಬರಲಿಲ್ಲ. ಬಿಟ್ಟರೆ ಅಣ್ಣ ಮುಳುಗುತ್ತಲೇ ಇರುತ್ತಾನೆ, ತೆಗೆದರೆ ತಾನೇ ಮುಳುಗಿಸಿದಂತೆ. ಅತ್ತ ದರಿ, ಇತ್ತ ಪುಲಿ.

"ನನ್ನಿಂದ ಆಗದು," ಎಂದು ಅತ್ತುಬಿಟ್ಟ.

ಗುರು ತಾನೇ ಆ ಮುಖದ ಸುತ್ತ ಉಳಿ ಆಡಿಸಿ, ಕಡಲೆಕಾಳಿನಷ್ಟು ಮರವನ್ನು ಇಡಿಯಾಗಿ ಎಬ್ಬಿಸಿದ. ಅದನ್ನು ತೊಕುಜಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಆಮೇಲೆ ಆ ಗುಳಿಗೆ ಹೊಸ ಮರದ ಚೂರು ಬಡಿದು, ಸಂದು ಕಾಣದಂತೆ ಉಜ್ಜಿದ.

"ಈಗ ಕೆತ್ತು."

"ಯಾರ ಮುಖ ಕೆತ್ತಲಿ? ನಾನು ಶತ್ರುವನ್ನು ಕಂಡೇ ಇಲ್ಲ."

"ಅವನಿಗೂ ಎಲ್ಲೋ ಒಬ್ಬ ತಮ್ಮ ಇರುತ್ತಾನೆ. ಆ ತಮ್ಮ ನೋಡಿದರೆ ಗುರುತು ಹಿಡಿಯಬೇಕು, ಹಾಗೆ ಕೆತ್ತು."