ಗರುಡಗಣ್ಣನ್ನು ನಂಬಿದ ಮೊಲ

ಒಂದು ಕುರುಚಲು ಕಾಡಿನಲ್ಲಿ ಮೊಲಗಳು ಹಿಂದಿನಿಂದಲೂ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದವು. ಯಾವ ತಾಯಿಮೊಲವೂ ತನ್ನ ಮರಿಗಳನ್ನೆಲ್ಲ ಒಂದೇ ಪೊದೆಯಲ್ಲಿ ಇಡುತ್ತಿರಲಿಲ್ಲ. ಮೂರು ಮರಿ ಹುಟ್ಟಿದರೆ ಮೂರು ಪೊದೆ. ಒಂದು ಮರಿ ನರಿಯ ಬಾಯಿಗೆ ಬಿದ್ದರೂ ಇನ್ನೆರಡು ಉಳಿಯಲಿ ಎಂದು ಹಾಗೆ ಮಾಡುತ್ತಿದ್ದವು. ಮರಿಗಳು ಹಗಲೆಲ್ಲ ಹುಲ್ಲಿನಲ್ಲಿ ಅಲುಗಾಡದೆ ಕೂತಿರುತ್ತಿದ್ದವು. ಸಂಜೆ ತಾಯಿ ಬಂದು ಹಾಲು ಕೊಟ್ಟು ಹೋಗುತ್ತಿತ್ತು.

ಆ ತಾಯಿಗೇ ಏನಾದರೂ ಆದರೆ? ಮರಿಗಳು ಕಾಯುತ್ತ ಕೂತೇ ಸಾಯಬೇಕಾಗಿತ್ತು. ಅದಕ್ಕೇ ಪ್ರತಿ ತಾಯಿಯೂ ತನ್ನ ಪೊದೆಗಳ ಗುರುತನ್ನು ಒಬ್ಬ ಹಿರಿಯಳ ಕಿವಿಯಲ್ಲಿ ಹೇಳಿಡುತ್ತಿತ್ತು. ತಾಯಿ ಸಂಜೆ ಕಾಣಿಸದಿದ್ದರೆ ಹಿರಿಯಳು ಹಾಲಿರುವ ಇನ್ನೊಬ್ಬ ತಾಯಿಯನ್ನು ಆ ಪೊದೆಗಳಿಗೆ ಕಳಿಸುತ್ತಿದ್ದಳು. ಹಿರಿಯಳು ಆ ಗುರುತನ್ನು ಬೇರೆ ಯಾರಿಗೂ ಹೇಳಬಾರದು. ಎಷ್ಟೋ ತಲೆಮಾರು ಹೀಗೆಯೇ ನಡೆಯಿತು.

ಈಗ ಆ ಹಿರಿಯಳು ದೇವೀರಮ್ಮ ಎಂಬ ಮೊಲ. ಅವಳಿಗೆ ಮರೆವು ಶುರುವಾಗಿತ್ತು. ಕಾಡಂಚಿನ ಪಾಳು ಬಂಗಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ಕಂಪ್ಯೂಟರ್ ಇತ್ತು. ಅದನ್ನು ತನ್ನ ಗೂಡಿಗೆ ತರಿಸಿಕೊಂಡು, ಎಲ್ಲ ಮರಿಗಳ ಜಾಗವನ್ನೂ ಅದರಲ್ಲಿ ಬರೆದಿಡಲು ಶುರುಮಾಡಿದಳು. ಕಾಡಿನಲ್ಲಿ ಕರೆಂಟೆಲ್ಲಿತ್ತು, ಇಂಟರ್ನೆಟ್ಟೆಲ್ಲಿತ್ತು ಎಂದು ಕೇಳಬೇಡಿ. ಮೊಲ ಮಾತಾಡುತ್ತದೆ ಅಂದಾಗ ಸುಮ್ಮನೆ ಒಪ್ಪಿಕೊಂಡಿರಿ, ಇದನ್ನೂ ಒಪ್ಪಿಕೊಳ್ಳಿ.

ಕಂಪ್ಯೂಟರನ್ನು ಸರಿಮಾಡಿಕೊಟ್ಟವನು ಚಿಪ್ಪುಹಂದಿ ತಿಮ್ಮಯ್ಯ. ಅವನು ಮಿತಭಾಷಿ. ಗೆದ್ದಲನ್ನು ಹುಡುಕಿ ಹುಡುಕಿ ತೆಗೆಯುವುದು ಅವನ ಜಾತಿಯ ಕಸುಬು. ಅವನು ಅದರಲ್ಲಿ ‘ಜರಡಿ’ ಎಂಬ ಸಾಫ್ಟ್‌ವೇರ್ ಹಾಕಿಕೊಟ್ಟ.

“ಇದ್ಯಾತಕ್ಕಪ್ಪಾ?” ಎಂದಳು ದೇವೀರಮ್ಮ.

“ಸ್ಪೈವೇರ್ ಅಂತ ಬರ್ತವೆ ಅಕ್ಕಾ. ಕಣ್ಣಿಗೆ ಕಾಣದಂಗೆ ಒಳಗೆ ಸೇರ್ಕೊಂಡು, ನೀನು ಬರೆದಿದ್ದನ್ನೆಲ್ಲ ನೋಡಿ ಅವರ ಯಜಮಾನನಿಗೆ ಕಳಿಸ್ತವೆ. ಅವನ್ನ ಹಿಡಿಯೋದು ಈ ಜರಡಿ. ಗುಡ್ಡದ ಆಚೆಯ ಮುಳ್ಳುಹಂದಿಗಳು ಮಾಡಿದ್ದು. ನಾನೇ ಅವರ ಹತ್ರದಿಂದಲೇ ಇಳಿಸ್ಕೊಂಡು ತಂದಿದೀನಿ. ಬಿಟ್ಟಿ ಕೊಡ್ತಾರೆ.”

“ಬಿಟ್ಟಿ ಅಂದ್ರೆ ಒಳ್ಳೇದೇ ಆಯ್ತು!”

“ಬಿಟ್ಟಿ ಅಂತ ನಾನು ತರಲಿಲ್ಲ. ಮಾಡಿದೋರು ಯಾರು ಅಂತ ಗೊತ್ತಿದ್ದಕ್ಕೆ ತಂದೆ. ನಾಲ್ಕು ಮಾತು ನೆನಪಿಟ್ಕೋ. ಸೋಮವಾರ ಸೋಮವಾರ ಇದನ್ನ ಅಪ್‌ಡೇಟ್ ಮಾಡು. ಹೊಸ ಕಳ್ಳರು ದಿನಾ ಹುಟ್ತಾರೆ, ಅವರ ಗುರುತು ಇದಕ್ಕೆ ಗೊತ್ತಾಗ್ಬೇಕು. ವಾರಕ್ಕೊಂದು ಸಲ ಪೂರ್ತಿ ಸ್ಕ್ಯಾನ್ ಮಾಡು, ಅರ್ಧ ದಿನ ಹಿಡಿದ್ರೂ ಬೇಸರ ಮಾಡ್ಕೋಬೇಡ. ಒಂದು ಮನೇಲಿ ಇಂಥ ಇಬ್ಬರು ಕಾವಲುಗಾರರನ್ನ ಇಡಬೇಡ, ಒಬ್ಬರಿಗೊಬ್ಬರು ಕಿತ್ತಾಡಿ ಇಬ್ಬರೂ ಕೆಲಸ ಮಾಡಲ್ಲ. ಪರದೆ ಮೇಲೆ ತಾನಾಗೇ ಏನಾದ್ರೂ ಎಗರಿ ಬಂದು ಹೆದರಿಸಿದ್ರೆ, ಅದನ್ನ ಮುಟ್ಟದೆ ನನ್ನ ಕರಿ.”

ದೇವೀರಮ್ಮ ನಾಲ್ಕಕ್ಕೂ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೆ ಏನು ಕಷ್ಟ?

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ದೇವೀರಮ್ಮನಿಗೆ ಕಂಪ್ಯೂಟರಿನಲ್ಲಿ ಚೌಕಾಬಾರ ಆಡುವ ಚಟ ಹತ್ತಿತು. ಆಟ ರಂಗೇರಿದಾಗಲೇ ಜರಡಿ ಬಂದು “ಅಪ್‌ಡೇಟ್ ಮಾಡಲೇ?” ಎನ್ನುತ್ತಿತ್ತು. ಸ್ಕ್ಯಾನ್ ನಡೆಯುವಾಗ ಕಾಯಿಗಳು ತೆವಳುತ್ತಿದ್ದವು. “ನಿನ್ನ ಕಾಟ ಅತಿಯಾಯ್ತು” ಎಂದು ಬೈದು ಅವಳು “ಆಮೇಲೆ” ಒತ್ತುತ್ತಿದ್ದಳು. ಹೀಗೆ ಐದು ಸೋಮವಾರ ಹೋದವು.

ಅದೇ ಕಾಡಿನಲ್ಲಿ ಒಂದು ನರಿ ಇತ್ತು. ಮೊಲದ ಮರಿಗಳ ರುಚಿ ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ಇಡೀ ದಿನ ಮೂಸಿ ಅಲೆದರೂ ಸಿಗುತ್ತಿದ್ದದ್ದು ಒಂದು ಮರಿ, ಹೆಚ್ಚೆಂದರೆ ಎರಡು. ದೇವೀರಮ್ಮ ಎಲ್ಲವನ್ನೂ ಬರೆದಿಡುತ್ತಾಳೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ನರಿ ಬೇಟೆಗೇ ಹೋಗಲಿಲ್ಲ. ಕೂತು ಒಂದು ಸಾಫ್ಟ್‌ವೇರ್ ಮಾಡಿತು. ಅದಕ್ಕೆ ‘ಗರುಡಗಣ್ಣು’ ಎಂದು ಹೆಸರಿಟ್ಟಿತು.

ಮರುದಿನ ಚೌಕಾಬಾರದ ನಡುವೆ ಪರದೆ ಕೆಂಪಾಯಿತು. ಗಂಟೆ ಬಾರಿಸತೊಡಗಿತು. “ಅಪಾಯ! ನಿಮ್ಮ ಕಂಪ್ಯೂಟರಿನಲ್ಲಿ ಮುನ್ನೂರ ಹನ್ನೆರಡು ಗೂಢಚಾರರಿದ್ದಾರೆ! ಗರುಡಗಣ್ಣು ಸಂಪೂರ್ಣ ಉಚಿತ! ನಾಲ್ಕು ಸಾವಿರ ಮೊಲಗಳು ಮೆಚ್ಚಿದ್ದು!” ಆ ಇಡೀ ಕಾಡಿನಲ್ಲಿ ನಾನೂರು ಮೊಲಗಳೂ ಇರಲಿಲ್ಲ. ದೇವೀರಮ್ಮನಿಗೆ ಆ ಯೋಚನೆ ಬರಲಿಲ್ಲ.

ತಿಮ್ಮಯ್ಯನನ್ನು ಕರೆಯೋಣವೆಂದರೆ, ಐದು ವಾರದಿಂದ ಅಪ್‌ಡೇಟ್ ಯಾಕೆ ಮಾಡಿಲ್ಲ ಎಂದು ಅವನು ಕೇಳುತ್ತಾನೆ. ಆ ನಾಚಿಕೆಗೆ ಅವಳು ಅವನನ್ನು ಕರೆಯಲೇ ಇಲ್ಲ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಗಿಳಿಯ ಚಿತ್ರ ಕಾಣಿಸಿತು. ಗಿಳಿಯ ಹೆಸರಿನಲ್ಲಿ ಅತ್ತ ಕಡೆಯಿಂದ ಬರೆಯುತ್ತಿದ್ದದ್ದು ನರಿ.

“ಹೆದರಬೇಡಿ ಅಮ್ಮ, ನಾನಿದ್ದೇನೆ. ಈಗ ಯಾವ ಕಾವಲು ಇಟ್ಟಿದ್ದೀರಿ?”

“ಜರಡಿ ಅಂತ.”

“ಅಯ್ಯೋ, ಅದು ಹಳೆಯದು. ಒಬ್ಬ ಗೂಢಚಾರನನ್ನಾದರೂ ಹಿಡಿದು ತೋರಿಸಿದೆಯೇ?”

ದೇವೀರಮ್ಮ ನೆನಪಿಸಿಕೊಂಡಳು. ಜರಡಿ ಯಾವತ್ತೂ ಒಂದನ್ನೂ ತೋರಿಸಿರಲಿಲ್ಲ. ಇರದಿದ್ದದ್ದನ್ನು ಅದು ಎಲ್ಲಿಂದ ತೋರಿಸೀತು? “ಇಲ್ಲ” ಎಂದು ಬರೆದಳು.

“ನೋಡಿದಿರಾ! ನಾವು ಒಂದೇ ನಿಮಿಷದಲ್ಲಿ ಮುನ್ನೂರ ಹನ್ನೆರಡು ಹಿಡಿದಿದ್ದೇವೆ. ಮೊದಲು ಆ ಜರಡಿಯನ್ನು ತೆಗೆದುಹಾಕಿ. ಒಂದು ಮನೆಯಲ್ಲಿ ಇಬ್ಬರು ಕಾವಲುಗಾರರು ಇರಬಾರದು ಎಂದು ತಮಗೆ ಗೊತ್ತೇ ಇದೆಯಲ್ಲ.”

ದೇವೀರಮ್ಮನಿಗೆ ಸಮಾಧಾನವಾಯಿತು. ತಿಮ್ಮಯ್ಯನೂ ಇದೇ ಮಾತು ಹೇಳಿದ್ದ! ಅವನು ಹೇಳಿದ ನಾಲ್ಕು ಮಾತಿನಲ್ಲಿ ಮೂರನ್ನು ಮರೆತು ಈ ಒಂದನ್ನು ಪಾಲಿಸಿದಳು. ಜರಡಿಯನ್ನು ಕಿತ್ತುಹಾಕಿ ಗರುಡಗಣ್ಣನ್ನು ಇಳಿಸಿಕೊಂಡಳು. ಅದು ಮೂರು ಸಲ ಏನೋ ಉದ್ದುದ್ದ ಬರೆದು, ಕೆಳಗೆ “ಒಪ್ಪಿಗೆಯೇ?” ಎಂದು ಕೇಳಿತು. ಅವಳು ಮೂರು ಸಲವೂ “ಒಪ್ಪಿಗೆ” ಒತ್ತಿದಳು. ಓದುವ ಗೋಜಿಗೆ ಹೋಗಲಿಲ್ಲ. ಪರದೆ ಹಸಿರಾಯಿತು. “ಎಲ್ಲವೂ ಸುರಕ್ಷಿತ” ಎಂದು ಬಂತು. ಚೌಕಾಬಾರದ ಕಾಯಿಗಳು ಸರಸರನೆ ಓಡಿದವು.

ಎರಡು ದಿನದ ಮೇಲೆ ಅವಳ ತಂಗಿಯ ಮಗಳು ಹೊನ್ನಿ ಬಂದಳು. ಅವಳಿಗೆ ಚೊಚ್ಚಲ ಹೆರಿಗೆಯಾಗಿತ್ತು. ಮೂರು ಮರಿಗಳು.

“ದೊಡ್ಡಮ್ಮ, ಕಿವಿ ಕೊಡು, ಜಾಗ ಹೇಳ್ತೀನಿ. ಆದ್ರೆ ಬರೀಬೇಡ.”

“ಯಾಕವ್ವ?”

“ಯಾಕೋ ಮನಸ್ಸು ಒಪ್ಪಲ್ಲ. ಮೂರನ್ನ ಮೂರು ಕಡೆ ಬಚ್ಚಿಡೋಕೆ ನಾನು ಇಡೀ ಕಾಡು ಸುತ್ತಿದೀನಿ. ನೀನು ಮೂರನ್ನೂ ತಂದು ಒಂದೇ ಸಾಲಲ್ಲಿ ಬರೀತೀಯ.”

ದೇವೀರಮ್ಮ ನಕ್ಕಳು. “ಹುಚ್ಚಿ! ನನ್ನ ತಲೆ ನಂಬ್ಕೊಂಡ್ರೆ ನಾಳೆನೇ ಮರೆತುಹೋಗ್ತದೆ. ಈಗ ಎಂಥಾ ಕಾವಲು ಹಾಕಿಸಿದೀನಿ ನೋಡು, ಹಸಿರು ದೀಪ! ಸೊಳ್ಳೆನೂ ಒಳಗೆ ಬರಂಗಿಲ್ಲ.”

ಹೊನ್ನಿ ಇನ್ನೇನು ಹೇಳಿಯಾಳು? ಹಿರಿಯಳ ಮಾತು. ದೊಡ್ಡ ಮರಿ ಕಾರೆಗಿಡದ ಬುಡದಲ್ಲಿ, ನಡುವಿನದು ಒಣ ಹಳ್ಳದ ಬಂಡೆಯ ಹಿಂದೆ, ಚಿಕ್ಕದು ಲಂಟಾನದ ಪೊದೆಯಲ್ಲಿ ಎಂದು ಹೇಳಿದಳು. ಚಿಕ್ಕದರ ಒಂದು ಕಿವಿ ಮಡಚಿಕೊಂಡಿದೆ ಎಂದೂ ಹೇಳಿದಳು. ಅದನ್ನು ಹೇಳುವ ಅಗತ್ಯ ಇರಲಿಲ್ಲ, ತಾಯಿ ಅಲ್ಲವೇ, ಹೇಳಿದಳು. ದೇವೀರಮ್ಮ ಅದನ್ನೂ ಬರೆದಳು.

ಮರುಸಂಜೆ ಹೊನ್ನಿ ಹಾಲು ಕೊಡಲು ಹೋದಾಗ ಕಾರೆಗಿಡದ ಬುಡ ಖಾಲಿ. ಹಳ್ಳಕ್ಕೆ ಓಡಿದಳು, ಬಂಡೆಯ ಹಿಂದೆ ಖಾಲಿ. ಲಂಟಾನಕ್ಕೆ ಓಡಿದಳು. ಅಲ್ಲಿ ಒಂದು ಮಡಚಿದ ಕಿವಿ ಮಾತ್ರ ಬಿದ್ದಿತ್ತು.

ಆ ವಾರ ಹನ್ನೊಂದು ಮರಿಗಳು ಹೋದವು. ಒಬ್ಬೊಬ್ಬ ತಾಯಿ ಅಳುತ್ತ ಬಂದಾಗಲೂ ದೇವೀರಮ್ಮ ಗರುಡಗಣ್ಣಿನಿಂದ ಸ್ಕ್ಯಾನ್ ಮಾಡಿಸಿದಳು. ಪ್ರತಿ ಸಲವೂ “ಎಲ್ಲವೂ ಸುರಕ್ಷಿತ” ಎಂದೇ ಬಂತು. ಹಾಗಾದರೆ ಗುಟ್ಟು ಒಡೆದವರು ಯಾರು? ಮೊಲಗಳು ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿದವು. ಕೊನೆಗೆ ಒಂದು ಮೊಲ, “ಆ ಕಂಪ್ಯೂಟರ್ ಮುಟ್ಟಿದ ಹೊರಗಿನವನು ತಿಮ್ಮಯ್ಯ ಒಬ್ಬನೇ” ಎಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಲ್ಲ ಸೇರಿ ಚಿಪ್ಪುಹಂದಿಯ ಬಿಲಕ್ಕೆ ಕಲ್ಲು ತುಂಬಿದವು. ದೇವೀರಮ್ಮ ಪಕ್ಕದಲ್ಲೇ ನಿಂತಿದ್ದಳು. ಬಾಯಿ ಬಿಡಲಿಲ್ಲ.

ತಿಮ್ಮಯ್ಯ ಬೇರೆ ಕಡೆಯಿಂದ ನೆಲ ಕೊರೆದುಕೊಂಡು ಹೊರಗೆ ಬಂದ. ಮೈ ಕೊಡವಿಕೊಂಡು ನೇರ ದೇವೀರಮ್ಮನ ಗೂಡಿಗೆ ನಡೆದ. ಮೊಲಗಳೂ ಹಿಂದೆಯೇ ಬಂದವು.

“ಅಕ್ಕಾ, ಜರಡಿ ಎಲ್ಲಿ?”

“ತೆಗೆದೆ. ಇಬ್ಬರು ಕಾವಲುಗಾರರು ಬೇಡ ಅಂತ ನೀನೇ ಹೇಳಿದ್ದೆಯಲ್ಲಪ್ಪ.”

“ಇನ್ನೊಬ್ಬ ಯಾರು ಬಂದಿದ್ದ?”

ಅವಳು ಹಸಿರು ದೀಪ ತೋರಿಸಿ, ಮೂರು ಸಲ ಓದದೆ “ಒಪ್ಪಿಗೆ” ಒತ್ತಿದ್ದನ್ನೂ ಹೇಳಿದಳು. ತಿಮ್ಮಯ್ಯ ಮುಳ್ಳುಹಂದಿಗಳಿಂದ ಜರಡಿಯನ್ನು ಮತ್ತೆ ತರಿಸಿ ಹಾಕಿದ, ಅಪ್‌ಡೇಟ್ ಮಾಡಿದ, ಸ್ಕ್ಯಾನಿಗೆ ಬಿಟ್ಟ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಅವನಿಗೂ ಗೊತ್ತಿತ್ತು. ಅರ್ಧ ದಿನ ಹಿಡಿಯಿತು. ಎಲ್ಲರೂ ಅಲ್ಲೇ ಕಾದರು. ಜರಡಿ ಮುನ್ನೂರ ಹನ್ನೆರಡು ತೋರಿಸಲಿಲ್ಲ. ಒಂದನ್ನೇ ತೋರಿಸಿತು. ಅದರ ಹೆಸರು ಗರುಡಗಣ್ಣು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತಿಮ್ಮಯ್ಯ ಅದನ್ನು ಅಳಿಸಲು ಹೋದಾಗ ಹೊನ್ನಿ ಅಡ್ಡ ಬಂದಳು. ಅವಳು ಅಳುತ್ತಿರಲಿಲ್ಲ.

“ಇರು ಮಾವ, ಅಳಿಸಬೇಡ. ನಾವು ಬರೆಯೋದು ಇದರ ಯಜಮಾನನಿಗೆ ಕಾಣ್ತದಲ್ಲ? ಇನ್ನೊಂದು ಸಾಲು ಬರಿ. ‘ಹೊನ್ನಿಯ ಅಕ್ಕ, ನಾಲ್ಕು ಮರಿ, ಈ ಸಲ ನಾಲ್ಕೂ ಒಂದೇ ಕಡೆ, ಕೆಂಪುಗುಡ್ಡದ ಬಿರುಕಿನೊಳಗೆ’ ಅಂತ ಬರಿ.”

ಕೆಂಪುಗುಡ್ಡದ ಬಿರುಕಿನಲ್ಲಿ ಹೆಣ್ಣುತೋಳ ಮರಿ ಹಾಕಿ ಹತ್ತು ದಿನವಾಗಿತ್ತು. ಹೊನ್ನಿಗೆ ಅಕ್ಕನೇ ಇರಲಿಲ್ಲ.

ಪಟ್ಟಿ ಸಿಕ್ಕಿದ ಮೇಲೆ ನರಿ ಮೂಸಿ ನೋಡುವುದನ್ನೇ ಬಿಟ್ಟಿತ್ತು. ಓದುವುದು, ಹೋಗುವುದು, ತಿನ್ನುವುದು, ಇಷ್ಟೇ. ಸಂಜೆ ಅದು ನೇರ ಬಿರುಕಿನೊಳಗೆ ತಲೆ ತೂರಿಸಿತು. ಒಳಗೆ ಕುಂಯ್‌ಗುಟ್ಟುವ ಮರಿಗಳ ಸದ್ದು ಕೇಳಿತು. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಅದರ ಹಿಂಗಾಲಿಗೆ ಹಲ್ಲು ಇಳಿಯಿತು.

“ನನ್ನ ಮರಿಗಳ ಹತ್ರ ಏನು ಕೆಲಸ ನಿಂಗೆ?” ಎಂದಿತು ತೋಳ.

“ಅಮ್ಮಾ, ತಪ್ಪಾಯ್ತು! ಮೊಲದ ಮರಿಗಳು ಅಂತ ಪಟ್ಟಿಯಲ್ಲಿತ್ತು!”

“ಯಾವ ಪಟ್ಟಿ?”

“ಮೊಲಗಳದ್ದು... ಅವರೇ ಒಪ್ಪಿಗೆ ಕೊಟ್ಟಿದ್ರು! ಮೂರು ಸಲ ಕೇಳಿದೆ, ಮೂರು ಸಲವೂ ಕೊಟ್ಟರು!”

ತೋಳಕ್ಕೆ ಓದು ಬರಹ ಬರುತ್ತಿರಲಿಲ್ಲ. ಪಟ್ಟಿಯ ಕಥೆ ಅದಕ್ಕೆ ಬೇಕಾಗಿಯೂ ಇರಲಿಲ್ಲ. ಅಲ್ಲಿಗೆ ನರಿಯ ಕಥೆ ಮುಗಿಯಿತು.

ಇಲ್ಲಿ ಚಪ್ಪಾಳೆ ತಟ್ಟುವವರು ತಟ್ಟಬಹುದು. ನನಗೆ ಮನಸ್ಸಿಲ್ಲ. ನರಿ ಸತ್ತರೂ ಹನ್ನೊಂದು ಮರಿಗಳು ವಾಪಸು ಬರಲಿಲ್ಲ. ಹೊನ್ನಿಯ ಎದೆಯಲ್ಲಿ ಹಾಲಿನ್ನೂ ಇತ್ತು. ಸಂಜೆಯಾದರೆ ಅವಳ ಕಾಲುಗಳು ತಾವಾಗಿ ಕಾರೆಗಿಡಕ್ಕೆ, ಬಂಡೆಗೆ, ಲಂಟಾನಕ್ಕೆ ಹೋಗಿ ಬರುತ್ತಿದ್ದವು. ತಿಮ್ಮಯ್ಯ ತನ್ನ ಬಿಲದ ಕಲ್ಲುಗಳನ್ನು ತೆಗೆಯದೆ ಬೇರೆ ಕಾಡಿಗೆ ಹೊರಟುಹೋದ. ಯಾರೂ ಅವನ ಕ್ಷಮೆ ಕೇಳಿರಲಿಲ್ಲ.

ದೇವೀರಮ್ಮ ಒಂದು ದಿನ ಹೊನ್ನಿಯ ದಾರಿಗೆ ಅಡ್ಡ ನಿಂತು ಅತ್ತಳು. “ನನಗೆ ಗೊತ್ತಾಗಲಿಲ್ಲ ಮಗಳೇ. ನಿಮಗೆ ಒಳ್ಳೇದಾಗಲಿ ಅಂತಲೇ ಮಾಡಿದೆ.”

“ಮೂರು ಸಲ ಒಪ್ಪಿಗೆ ಕೊಟ್ಟೆಯಲ್ಲ ದೊಡ್ಡಮ್ಮ,” ಎಂದಳು ಹೊನ್ನಿ. “ಮೂರು ಮರಿಗೆ ಮೂರು ಸಲ. ಒಂದು ಸಲನಾದ್ರೂ ಓದಿದ್ಯಾ?”

ಹೊನ್ನಿ ಪಕ್ಕಕ್ಕೆ ಸರಿದು ಹೋದಳು.

ಆಮೇಲೆ ಯಾವ ಮೊಲವೂ ಯಾರ ಕಿವಿಯಲ್ಲೂ ಜಾಗ ಹೇಳಲಿಲ್ಲ. ಮುಂದಿನ ತಿಂಗಳು ಒಂದು ಎಳೆಯ ತಾಯಿಮೊಲವನ್ನು ಹದ್ದು ಎತ್ತಿಕೊಂಡು ಹೋಯಿತು. ಅವಳ ಮರಿಗಳು ಯಾವುದೋ ಪೊದೆಗಳಲ್ಲಿ, ಕಲಿಸಿದ ಹಾಗೆ ಅಲುಗಾಡದೆ, ಸದ್ದು ಮಾಡದೆ ಅಮ್ಮನಿಗಾಗಿ ಕಾದವು. ಹಾಲಿದ್ದ ತಾಯಂದಿರು ಆ ಕಾಡಿನಲ್ಲಿ ಬೇಕಾದಷ್ಟಿದ್ದರು. ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ.

ನೀತಿ: ಉಚಿತವಾಗಿ ಸಿಗುವುದೆಲ್ಲ ಮೋಸವಲ್ಲ. ಆದರೆ ತಾನಾಗಿ ಎದುರು ಬಂದು ಹೆದರಿಸುವ ಕಾವಲುಗಾರನನ್ನು ಯಾರೆಂದು ವಿಚಾರಿಸದೆ, ಓದದೆ ಒಳಗೆ ಬಿಟ್ಟುಕೊಂಡರೆ, ಅದರ ಬೆಲೆ ತೆರುವವರು ನಮ್ಮನ್ನು ನಂಬಿದವರು.