ಹಾಲಮ್ಮ ತುಪ್ಪ ಬಿಟ್ಟು ಅರಳು ಹುರಿದಿದ್ದು

ಒಂದಾನೊಂದು ಕಾಲ ಅಂದ್ರೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲ, ಆಗ ಒಂದೂರಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಎಮ್ಮೆ, ಒಬ್ಬನೇ ಮಗ, ಹೊಸದಾಗಿ ಮನೆಗೆ ಬಂದ ಸೊಸೆ ಹೂವಮ್ಮ. ಹಾಲಮ್ಮ ತುಪ್ಪ ಕಾಯಿಸಿದ್ರೆ ಆ ಘಮ ಊರಬಾಗಿಲು ದಾಟಿ ಹೋಗಿ, ದಾರೀಲಿ ಹೋಗೋರು ಗಾಡಿ ನಿಲ್ಲಿಸಿ ಇದ್ಯಾರ ಮನೇದಪ್ಪಾ ಅಂತ ಕೇಳ್ತಿದ್ರಂತೆ. ಅವಳ ಮನೇಲಿ ರೊಟ್ಟಿಗೂ ತುಪ್ಪ, ಮುದ್ದೆಗೂ ತುಪ್ಪ, ಬಿದ್ದು ಮೊಣಕಾಲು ತರಚಿದ್ರೂ ತುಪ್ಪ.

ಕಣ್ಣು ಮುಚ್ಕೊಂಡೇ ಕೇಳು ಪುಟ್ಟಾ, ಹ್ಞೂಂ ಅಂತಿರು.

ಆಮೇಲೆ ಹೂವಮ್ಮ ಬಸುರಿಯಾದ್ಲು, ಹಾಲಮ್ಮನ ಕಾಲು ನೆಲದ ಮೇಲೆ ನಿಲ್ಲದಂಗಾಯ್ತು. ಆದ್ರೆ ಹೂವಮ್ಮಂಗೆ ಹಾಲು ಕಂಡ್ರಾಗದು, ಮೊಸರು ಕಂಡ್ರಾಗದು, ತುಪ್ಪದ ವಾಸನೆ ಬಂದ್ರಂತೂ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡ್ತಿದ್ಲಂತೆ. ಎಲ್ಲರಿಗೂ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತೆ, ಇವಳಿಗೆ ಆರು ತುಂಬಿದ್ರೂ ನಿಲ್ಲಲಿಲ್ಲ. ಕೆನ್ನೆ ಒಳಕ್ಕೆ ಹೋಯ್ತು, ಕೈಬಳೆ ಮೊಣಕೈವರೆಗೂ ಜಾರಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಮುಖ ಸಣ್ಣ ಮಾಡ್ಕೊಂಡು, ಕೂಸು ಯಾಕೋ ಅಲ್ಲಾಡ್ತಿಲ್ಲ ಹಾಲಮ್ಮ, ತಾಯಿ ಹೊಟ್ಟೆಗೇ ಇಲ್ಲದಿದ್ರೆ ಅದಕ್ಕೆಲ್ಲಿಂದ ಕಸುವು ಬಂದೀತು, ಏನಾದ್ರೂ ತಿನ್ನಿಸ್ರವ್ವ ಅಂತ ಹೇಳಿ ಹೋದ್ಲಂತೆ.

ಅವತ್ತೇ ಮಗ ಹೊಲದಿಂದ ಅರಳಾಗೋ ಸಣ್ಣಕಾಳಿನ ಮೆಕ್ಕೆಜೋಳ ತಂದಿದ್ದ. ಹಾಲಮ್ಮ ಮಣ್ಣಿನ ಬಾಣಲೆ ಕಾಯಿಸಿ ಒಂದು ಹಿಡಿ ಹಾಕಿದ್ಲು. ಮೊದಲು ಚಟ್ ಅಂತು, ಆಮೇಲೆ ಚಟ್ ಪಟ್, ಆಮೇಲೆ ಚಟಪಟ ಚಟಪಟ ಮುಚ್ಚಳಾನೇ ಕುಣಿಯೋಕೆ ಹತ್ತಿತು. ಆ ಸದ್ದಿಗೆ ಮಲಗಿದ್ದ ಹೂವಮ್ಮ ಗೋಡೆ ಹಿಡ್ಕೊಂಡು ಎದ್ದು ಬಂದು, ನಂಗೂ ಒಂಚೂರು ಕೊಡಿ ಅತ್ತೆ ಅಂದ್ಲಂತೆ. ಅವಳಾಗೇ ಕೇಳಿ ಎಷ್ಟು ದಿನವಾಗಿತ್ತೋ. ಆದ್ರೆ ಬಾಯಿಗಿಟ್ಟುಕೊಂಡು, ಹತ್ತಿ ಅಗಿದಂಗಿದೆ, ಒಳಗಿಳೀತಿಲ್ಲ ಅಂದ್ಲು.

ಹಾಲಮ್ಮ ಸುಮ್ಮನಿರ್ತಾಳಾ? ಒಂದೇ ತೊಟ್ಟು, ಇವಳಿಗೇನು ತಿಳಿಯುತ್ತೆ ಅಂತ ಕದ್ದು ತುಪ್ಪ ಸವರಿ ತಂದ್ಲು. ತುಟಿಗೆ ತಾಗಿತೋ ಇಲ್ಲವೋ, ಹೂವಮ್ಮ ಹಿತ್ತಲಿಗೆ ಓಡಿದ್ಲು, ಕುಡಿದಿದ್ದ ನೀರೂ ಹೊರಗೆ ಬಂತು. ಹಾಲಮ್ಮಂಗೆ ಅವಮಾನ. ನನ್ನ ಮಗನ್ನ ಬೆಳೆಸಿದ ತುಪ್ಪ ನಿಂಗೆ ನಾರುತ್ತಾ ಅಂತ ಗೊಣಗಿ, ಮಧ್ಯಾಹ್ನದ ತನಕ ಮುಖ ತಿರುಗಿಸಿಕೊಂಡು ಕೂತ್ಲಂತೆ.

ಆಮೇಲೆ ಮನಸ್ಸು ತಡೀಲಿಲ್ಲ. ಬಸುರಿಗೆ ಹುಳಿ ಬೇಕಾಗಿರುತ್ತೆ ಅಂತ ಎರಡನೇ ಸಲ ಹುರಿದು, ಹುಣಸೆರಸ ಸುರಿದು ತಂದ್ಲು. ಅರಳೆಲ್ಲ ಮಳೇಲಿ ನೆಂದ ಕೋಳಿಮರಿ ಥರ ಮುದುರಿಕೊಂಡ್ವು. ಅತ್ತೆ ನೊಂದುಕೋತಾಳೆ ಅಂತ ಹೂವಮ್ಮ ಒಂದೆರಡು ಬಾಯಿಗೆ ಹಾಕ್ಕೊಂಡ್ಲು, ನುಂಗೋಕಾಗದೆ ಕಣ್ಣೀರು ಬಂತು.

ಆಗ ಹಾಲಮ್ಮ ಅವಳ ಪಕ್ಕದಲ್ಲಿ ಕೂತು, ನಾನು ಏನೇನೋ ಸುರೀತಾ ಇದ್ದೀನಿ, ನಿಂಗೇನು ಬೇಕು ಅಂತ ಕೇಳಲೇ ಇಲ್ವಲ್ಲೇ ತಾಯಿ ಅಂದ್ಲಂತೆ. ಹೂವಮ್ಮ ಕಣ್ಣೊರೆಸಿಕೊಂಡು, ನಮ್ಮವ್ವ ಮಾವಿನಕಾಯಿ ಹೋಳುಗಳಿಗೆ ಉಪ್ಪು ಸವರಿ ಮಾಳಿಗೆ ಮೇಲೆ ಒಣಗಿಸ್ತಿದ್ಲು ಅತ್ತೆ, ನಾನು ಕದ್ದು ಒಂದೊಂದೇ ಚೀಪ್ತಿದ್ದೆ, ಅದು ಬೇಕು ಅಂದ್ಲು.

ಮಾವಿನ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಹಾಲಮ್ಮ ಸೀರೆ ಎತ್ತಿಕಟ್ಟಿ ಓಡಿದ್ಲು ನೋಡು. ಗೌಡರ ಮನೇಲಿ ಕೇಳಿದ್ರೆ ಗಡಿಗೆ ಖಾಲಿ. ಗಾಣಿಗರ ಮನೇಲಿ ಇತ್ತು, ಬೂಷ್ಟು ಹಿಡಿದಿತ್ತು. ಉಳಿದಿದ್ದು ಕರಿಬಸಮ್ಮನ ಮನೆ ಒಂದೇ. ಆ ಕರಿಬಸಮ್ಮನ ಕರಿಬೇವಿನ ಗಿಡಾನ ಹಾಲಮ್ಮನ ಎಮ್ಮೆ ಮೇಯ್ದು ಬೋಳಿಸಿದಾಗಿಂದ ಇಬ್ಬರಿಗೂ ಮಾತಿಲ್ಲ, ಬಾವೀಲಿ ನೀರು ಸೇದೋವಾಗ್ಲೂ ಒಬ್ಬಳು ಮೂಡಲಿಗೆ, ಒಬ್ಬಳು ಪಡುವಲಿಗೆ.

ಹಾಲಮ್ಮ ಹೊಸಿಲ ಹತ್ರ ಹೋಗಿ ನಿಂತ್ಲು. ಒಳಗಿಂದ ಕರಿಬಸಮ್ಮ, ಯಾಕೆ, ಎಮ್ಮೆ ಮತ್ತೆ ತಪ್ಪಿಸಿಕೊಂಡಿತಾ ಅಂದ್ಲು. ಹಾಲಮ್ಮ, ಇಲ್ಲ ಕಣೆ, ಸೊಸೆ ಊಟ ಬಿಟ್ಟಿದ್ದಾಳೆ, ಕೂಸು ಅಲ್ಲಾಡ್ತಿಲ್ಲ, ಅರಳು ಹುರಿದು ಹುಣಸೆರಸ ಹುಯ್ದು ಕೊಟ್ರೂ ಒಳಗಿಳೀಲಿಲ್ಲ, ಒಣ ಮಾವಿನಹೋಳು ಬೇಕು, ನನ್ನನ್ನ ಬೈಯೋದಿದ್ರೆ ನಾಳೆ ಬೈಯಿ ಅಂದ್ಲಂತೆ. ಕರಿಬಸಮ್ಮ ಅಟ್ಟ ಹತ್ತಿ ಗಡಿಗೆ ಇಳಿಸಿದ್ಲು. ಹೊರಗೆ ಬಂದವಳೇ ಹೊಸದಾಗಿ ಚಿಗುರಿದ್ದ ಕರಿಬೇವನ್ನೂ ಕಿತ್ತುಕೊಂಡು, ನಡಿ, ಗರಿಗರಿ ಪದಾರ್ಥಕ್ಕೆ ರಸ ಹುಯ್ತಾರೇನೆ, ಪುಡಿ ಮಾಡ್ಬೇಕು ಅಂತ ತಾನೇ ಮುಂದೆ ಹೊರಟ್ಲಂತೆ.

ಆಮೇಲೆ ಇಬ್ಬರೂ ಸೇರಿ ಮೂರನೇ ಸಲ ಒಲೆ ಹಚ್ಚಿದ್ರು. ಕರಿಬೇವು ಗರಿಗರಿ ಹುರಿದ್ರು, ಎಳ್ಳು ಚಿಟಗುಡಿಸಿದ್ರು, ಮಾವಿನಹೋಳು, ನಾಲ್ಕು ಮೆಣಸಿನಕಾಳು ಹಾಕಿ ಕುಟ್ಟಿ ನುಣ್ಣಗೆ ಪುಡಿ ಮಾಡಿದ್ರು. ಬಾಣಲೆಗೆ ಒಂದು ಚೂರು ಎಳ್ಳೆಣ್ಣೆ ಸವರಿ ಜೋಳ ಹಾಕಿದ್ರು, ಚಟಪಟ ಚಟಪಟ. ಬಿಸಿ ಇರೋವಾಗ್ಲೇ ಮೊರಕ್ಕೆ ಸುರಿದು, ಪುಡಿ ಉದುರಿಸಿ, ಮೇಲಕ್ಕೆ ಹಾರಿಸಿ ಹಾರಿಸಿ ಕೇರಿದ್ರು. ಬಿಳೀ ಅರಳಿಗೆ ಹಸಿರು ಪುಡಿ ಅಂಟಿಕೊಂಡಿತು, ಮನೆಯೆಲ್ಲ ಘಮ್ ಅಂತು.

ಹೂವಮ್ಮ ಒಂದು ತಿಂದ್ಲು. ಇನ್ನೊಂದು ತಿಂದ್ಲು. ಆಮೇಲೆ ಮೊರಾನೇ ತೊಡೆ ಮೇಲಿಟ್ಕೊಂಡು ಹಿಡಿ ಹಿಡಿ, ಕಟುಂ ಕುಟುಂ, ಕಟುಂ ಕುಟುಂ. ಗಂಡ ಬಾಗಿಲಲ್ಲಿ ನಿಂತು ನೋಡ್ತಿದ್ದ. ಇದ್ದಕ್ಕಿದ್ದಂಗೆ ಅವಳು ನಿಲ್ಲಿಸಿ ಹೊಟ್ಟೆ ಮೇಲೆ ಕೈಯಿಟ್ಕೊಂಡ್ಲು. ಹಾಲಮ್ಮ ಓಡಿಬಂದು ಅವಳ ಮುಂದೆ ಕೂತ್ಲು. ಹೂವಮ್ಮ ಮೆಲ್ಲಗೆ, ಒದೀತು ಅತ್ತೆ ಅಂದ್ಲಂತೆ. ಹಾಲಮ್ಮ ಕೈಯಿಟ್ಲು, ಮತ್ತೆ ಒದೀತು. ಕರಿಬಸಮ್ಮ ಕೈಯಿಟ್ಲು, ಅವಳಿಗೂ ಒಂದು ಒದೆ ಬಿತ್ತು. ಹಾಲಮ್ಮ ನಗ್ತಾ ಅಳ್ತಾ ಬೀದಿಗೆ ಓಡಿ, ನಮ್ಮ ಕೂಸು ಒದೀತು, ನಮ್ಮ ಕೂಸು ಒದೀತು ಅಂತ ಸಿಕ್ಕಿದೋರಿಗೆಲ್ಲ ಹೇಳಿದ್ಲಂತೆ.

ಅವತ್ತಿಂದ ಕೇರಿಯ ಹೆಂಗಸರು ದಿನಕ್ಕೊಬ್ಬರು ಒಂದೊಂದು ಪುಡಿ ತಂದ್ರು. ಹುಚ್ಚೆಳ್ಳು ಒಣಮೆಣಸಿನಕಾಯಿದು ಒಂದಿನ, ಒಣಗಿಸಿದ ಮೆಂತ್ಯಸೊಪ್ಪಿಂದು ಒಂದಿನ, ಬೆಟ್ಟದ ನೆಲ್ಲಿಕಾಯಿದು ಒಂದಿನ. ಅರಳಿನ ಹಿಂದೇನೇ ರೊಟ್ಟಿ ಹೋಯ್ತು, ಸೊಪ್ಪು ಬೇಳೆ ಹೋಯ್ತು, ಹೂವಮ್ಮನ ಬಳೆ ಕೆಳಗಿಳಿದು ಮುಂಗೈಗೆ ಬಂದು ನಿಂತ್ವು. ದಿನ ತುಂಬಿ ಗುಂಡಗಿರೋ ಹೆಣ್ಣುಕೂಸು ಹುಟ್ಟಿತಂತೆ.

ಹುಟ್ಟಿದ್ದೇ ತಡ, ಹಾಲಮ್ಮಂಗೂ ಕರಿಬಸಮ್ಮಂಗೂ ಮತ್ತೆ ಜಗಳ ಹತ್ತಿಕೊಂಡಿತು, ಕೂಸನ್ನ ಯಾರು ಮೊದಲು ಎತ್ಕೋಬೇಕು ಅಂತ. ಹೂವಮ್ಮ ಇಬ್ಬರ ಮಧ್ಯೆ ಮಲಗಿ ನಗ್ತಾ ಇದ್ಲಂತೆ. ಅವರ ಜಗಳ ಇನ್ನೂ ಮುಗಿದಿಲ್ಲ, ನಮ್ಮ ಕತೆ ಮಾತ್ರ ಮುಗೀತು, ಇನ್ನು ಮಗ್ಗುಲಾಗು ನನ್ನ ಕಂದ.