ಮರಳು ಹೋಗಿ ಬರುವುದು ಯಾಕೆ

ಲೋಕ ಆಗಷ್ಟೇ ಹುಟ್ಟಿತ್ತು. ಕಡಲ ನೀರಿನಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಆಗ ಮರಳಿಗೆ ಹೋಗುವ ಕಾಲ, ಬರುವ ಕಾಲ ಎಂಬುದೇ ಇರಲಿಲ್ಲ. ಕಡಲು ಮನಸ್ಸು ಬಂದಾಗ ಒಯ್ಯುತ್ತಿತ್ತು, ಮನಸ್ಸು ಬಂದಾಗ ತರುತ್ತಿತ್ತು.

ಆ ಕಡಲ ದಂಡೆಯಲ್ಲಿ ಮಂಕಾಳಿ ಎಂಬವಳಿದ್ದಳು. ಗಂಡ ಜಟ್ಟ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ, ಇವಳು ಮೀನು ಒಣಗಿಸುತ್ತಿದ್ದಳು. ಮರಳ ಮೇಲೆ ಎಲ್ಲರ ದೋಣಿ, ಎಲ್ಲರ ಬಲೆ, ಎಲ್ಲರ ಮೀನು. ಮಕ್ಕಳು ಹಲಗೆ ತುಂಡಿನ ಮೇಲೆ ಹೊಟ್ಟೆಯೂರಿ, ಅಲೆಯ ಬೆನ್ನೇರಿ ಜಾರಿ ಬರುತ್ತಿದ್ದರು.

ಆದರೆ ಮಂಕಾಳಿಗೆ ನೆಮ್ಮದಿ ಇರಲಿಲ್ಲ. ಅವಳ ಮನೆ ಎಲ್ಲರ ಮನೆಗಿಂತ ನೀರಿಗೆ ಹತ್ತಿರ. ಮಳೆ ಜೋರಾದರೆ ಅಲೆ ಹೊಸಿಲಿನವರೆಗೆ ಬರುತ್ತಿತ್ತು. ಉಣ್ಣಲು ಕೂತರೆ ಎದ್ದು ನೋಡುವಳು. ಮಲಗಿದರೆ ಎದ್ದು ನೋಡುವಳು. ಬಂತಾ? ಎಲ್ಲಿವರೆಗೆ ಬಂತು?

ಕೊನೆಗೆ ತಡೆಯಲಾರದೆ ಗುಡ್ಡದ ಬುಡಕ್ಕೆ ಓಡಿದಳು.

"ಗುಡ್ಡಜ್ಜಾ, ಒಂದಷ್ಟು ಕಲ್ಲು ಕೊಡೋ. ಮನೆ ಮುಂದೆ ಅಡ್ಡ ನಿಲ್ಲಿಸ್ತೇನೆ."

"ಕೊಡೂಕೆ ಅಡ್ಡಿಲ್ಲ ಮಗಾ. ಆದ್ರೆ ನಂಗೆ ಉರುಳಿಸೂದು ಮಾತ್ರ ಗೊತ್ತು, ವಾಪಸ್ ಹತ್ತಿಸೂಕೆ ಬರೂದಿಲ್ಲ," ಎಂದಿತು ಗುಡ್ಡ.

ಕಲ್ಲುಗಳು ದಡದಡ ಉರುಳಿ ಬಂದು ಸಾಲಾಗಿ ನಿಂತವು. ಆ ಮಳೆಗಾಲ ಅಲೆ ಕಲ್ಲಿಗೆ ಬಡಿಯಿತು, ಹಿಂದೆ ಹೋಯಿತು. ಮಂಕಾಳಿ ಮೊದಲ ಬಾರಿ ಕಣ್ತುಂಬ ನಿದ್ದೆ ಮಾಡಿದಳು.

ಮಳೆ ನಿಂತ ಮೇಲೆ ಕಲ್ಲು ಹತ್ತಿ ಇಣುಕಿದರೆ, ಆಚೆ ಮರಳೇ ಇಲ್ಲ! ಬಡಿದ ಅಲೆ ಸಿಟ್ಟಿನಿಂದ ತಿರುಗುವಾಗ ಮರಳನ್ನೂ ಎಳೆದುಕೊಂಡು ಹೋಗಿತ್ತು. ಮೊಟ್ಟೆ ಇಡಲು ಬಂದ ಆಮೆ ಕಲ್ಲಿಗೆ ಮೂಗು ತಾಗಿಸಿ, "ನನ್ನ ಬಾಣಂತಿ ಕೋಣೆ ಎಲ್ಲಿ?" ಎಂದು ಕೇಳಿ, ಬಂದ ದಾರಿ ಹಿಡಿದು ಹೊರಟುಹೋಯಿತು. ಅಲೆ ಮೊದಲಿನಂತೆ ಎದ್ದು ಉರುಳಿ ಬರಲಿಲ್ಲ. ಮಕ್ಕಳು ಹಲಗೆ ಹಿಡಿದು ಸುಮ್ಮನೆ ಕೂತರು.

ಕಲ್ಲಿನ ಸಾಲು ಮುಗಿಯುವಲ್ಲಿ ಸೋಮಕ್ಕನ ಮನೆ. ಅಲೆ ಅಲ್ಲಿ ಪಕ್ಕಕ್ಕೆ ತಿರುಗಿ ನೆಲ ಕೊರೆಯಿತು. ತೆಂಗು ಬಿತ್ತು, ಹಿಂದೆಯೇ ಗೋಡೆ ಬಿತ್ತು.

"ನಿನ್ನ ಹೆದರಿಕೆ ನನ್ನ ಬಾಗಿಲಿಗೆ ಬಂತಲ್ಲೇ ಮಂಕಾಳಿ! ಈಗ ನಾನೂ ಕಲ್ಲು ತರಲಾ? ಆಮೇಲೆ ಆಚೆಮನೆಯವ್ರೂ ತರಬೇಕಾ?" ಎಂದಳು ಸೋಮಕ್ಕ.



ಅದೇ ಸಂಜೆ ಜಟ್ಟನ ದೋಣಿ ಬಂತು. ಅದನ್ನು ಎಳೆದು ನಿಲ್ಲಿಸಲು ಅಂಗೈ ಅಗಲ ಮರಳಿಲ್ಲ. ದೋಣಿ ಕಲ್ಲಿನ ಮುಂದೆ ಅತ್ತ ಹೋಯಿತು, ಇತ್ತ ಬಂತು. "ಎಲ್ಲಿ ಹತ್ತಿಸಲೇ?" ಎಂದು ಜಟ್ಟ ಕೂಗುತ್ತಿದ್ದಂತೆ ಅಲೆ ದೋಣಿಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿತು. ಮಂಕಾಳಿ, ಸೋಮಕ್ಕ ಸೇರಿ ಅವನನ್ನು ಎಳೆದುಕೊಂಡರು. ಜೀವ ಉಳಿಯಿತು, ಕಾಲು ಮುರಿಯಿತು.

ಮಂಕಾಳಿ ಕಲ್ಲಿನ ಮೇಲೆ ನಿಂತು ಚೀರಿದಳು. "ಕಡಲಮ್ಮಾ, ನಮ್ಮ ಮರಳನ್ನ ಎಲ್ಲಿ ಬಚ್ಚಿಟ್ಟೆ?"

"ಬಚ್ಚಿಡಲಿಲ್ಲ. ಮರಳನ್ನ ತಿರುಗಿ ತಂದೆ, ಮತ್ತೆ ತಂದೆ, ಇಡೂಕೆ ಜಾಗ ಎಲ್ಲಿದೆ?" ಎಂದಿತು ಕಡಲು. "ಎಲ್ಲೆಲ್ಲಿಂದಲೋ ಓಡಿ ಬರ್ತೇನೆ. ಮರಳ ಮೇಲೆ ಮೈ ಚಾಚಿದ್ರೆ ನನ್ನ ಸಿಟ್ಟು ಇಳೀತದೆ. ಕಲ್ಲಿಗೆ ಬಡಿದ್ರೆ ಏರ್ತದೆ."

"ಕಲ್ಲು ತೆಗೆದ್ರೆ ತರ್ತೀಯಾ?"

"ತರ್ತೇನೆ. ಆದ್ರೆ ಮೊದಲು ನಿನ್ನ ಮನೆವರೆಗೆ ಬರ್ತೇನೆ. ನನ್ನನ್ನು ನಾನೇ ತಡಿಯೂಕೆ ಆಗೂದಿಲ್ಲ."

ಮಂಕಾಳಿ ಮನೆಯನ್ನು ನೋಡಿದಳು. ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಪಾತ್ರೆ ಪಗಡೆ ಹೊರಗಿಟ್ಟು, ಹಾರೆ ತೆಗೆದುಕೊಂಡು, ತನ್ನ ಬಾಗಿಲ ಮುಂದಿನ ಕಲ್ಲನ್ನೇ ಮೊದಲು ಮೀಟಿದಳು.

"ಮನೆ ಹೋಗ್ತದಲ್ಲೇ!" ಎಂದಳು ಸೋಮಕ್ಕ.

"ಹೋಗ್ಲಿ ಅಕ್ಕಾ. ನೀವು ಆಚೆ ತುದಿ ಹಿಡೀರಿ."

ಊರೇ ಕೈಹಾಕಿತು. ಕಲ್ಲುಗಳು ನೀರಿನ ಆಳಕ್ಕೆ ಉರುಳಿದವು. ಅಲೆ ಒಳನುಗ್ಗಿ ಮಂಕಾಳಿಯ ಮನೆಯನ್ನು ಕಂಬ ಸಮೇತ ಎತ್ತಿಕೊಂಡು ಹೋಯಿತು.

ದಂಡೆಯಿಂದ ದೂರ, ಬಳ್ಳಿ ಹಬ್ಬಿದ ದಿಬ್ಬದ ಹಿಂದೆ ಎರಡೂ ಮನೆಯವರು ಹೊಸ ಗುಡಿಸಲು ಕಟ್ಟಿದರು. ಮಂಕಾಳಿ ದಿನಾ ನೀರಿನಂಚಿಗೆ ಬಂದು ನಡೆದದ್ದೇ ನಡೆದದ್ದು.

"ಮರಳು ಬರ್ತದೆ, ಸ್ವಲ್ಪ ಕೂತ್ಕೊಳೇ," ಎನ್ನುವನು ಜಟ್ಟ.

"ಬರದಿದ್ರೆ?"

ಒಂದು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಸಣ್ಣ ಅಲೆಯೊಂದು ಮೆತ್ತಗೆ ಏರಿ ಬಂದು, ಅವಳ ಪಾದದ ಹತ್ತಿರ ಒಂದು ಹಿಡಿ ಮರಳು ಇಟ್ಟು, ಮತ್ತೆ ತರಲು ಹಿಂದಕ್ಕೋಡಿತು.

"ಮಳೆಗಾಲದಲ್ಲಿ ನಂಗೆ ಮೈಮೇಲೆ ಬರ್ತದೆ," ಎಂದಿತು ಕಡಲು. "ಆಗ ಮರಳು ಒಯ್ದು ನೀರೊಳಗೆ ದಿಬ್ಬ ಮಾಡಿಡ್ತೇನೆ. ಮಕ್ಕಳು ಸವಾರಿ ಮಾಡೋ ಅಲೆ ಅದರ ಮೇಲೇ ಎದ್ದು ನಿಲ್ತದೆ. ಮಳೆ ಕಳೆದ ಮೇಲೆ ಮರಳನ್ನ ವಾಪಸ್ ತಂದು ಹಾಸ್ತೇನೆ. ನೀವು ಜಾಗ ಬಿಟ್ಟಿದ್ರೆ ಸಾಕು."

ಅದಕ್ಕೇ ಮಗಾ, ಆಷಾಢದಲ್ಲಿ ನೀನು ನೋಡುವ ದಂಡೆ ಅಷ್ಟು ಸಣ್ಣದು, ದೀಪಾವಳಿಯ ಹೊತ್ತಿಗೆ ಅಷ್ಟು ಅಗಲ. ಅದಕ್ಕೇ ನಿನ್ನ ಕಾಲಿಗೆ ಬಂದು ತಾಗಿದ ಅಲೆ ಇವತ್ತಿಗೂ ಒಂದು ಗಳಿಗೆ ನಿಲ್ಲುವುದಿಲ್ಲ, ತಂದದ್ದನ್ನು ಇಟ್ಟು ಇನ್ನಷ್ಟು ತರಲು ಓಡುತ್ತದೆ.